ಸದ್ದಿಲ್ಲದ ಎರಡು ನಿಮಿಷ

ಅಮೆರಿಕದ ಡೇಟನ್ ನಗರದ ಒಳಾಂಗಣ ಡ್ರಮ್ ಸ್ಪರ್ಧೆಯ ವಿರಾಮದಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತಿದ್ದೆ. ಮುಂದೆ, ಹಿಂದೊಮ್ಮೆ ನಮ್ಮೂರ ಶಾಲೆಯಲ್ಲಿ ಡ್ರಮ್ ಕಲಿಸುತ್ತಿದ್ದ ವೆಂಡೆಲ್ ಮೇಷ್ಟರು, ಜೊತೆಗೆ ಮಗಳು ಮಾರ್ಲಾ.

"ಕೊನೇ ತಂಡದ್ದು ಅದೇನಪ್ಪಾ? ಎರಡು ನಿಮಿಷ ಬರೀ ಗಾಳೀಲಿ ಕೋಲಾಡಿಸಿದ್ರು. ಒಂದೇಟೂ ಬೀಳಲಿಲ್ಲ," ಎಂದಳು ಮಾರ್ಲಾ.

"ಬೀಳಲಿಲ್ವಾ?"

"ಇಲ್ಲ. ಹೊಸತನ ಅಂತೆ. ಜನ ಎಲ್ಲ ಉಸಿರು ಬಿಗಿಹಿಡ್ಕೊಂಡು ಕೂತಿದ್ರಲ್ಲ."

"ಯಾರಿಗೂ ಕೇಳಿಸಲಿಲ್ಲ ಅಂತೀಯಾ?"

"ಬಾರಿಸಿದ್ರೆ ತಾನೇ ಕೇಳ್ಸೋದು."

ಮೇಷ್ಟರು ಮಗಳ ಕಡೆ ತಿರುಗಿದರು.

"ಡಾಕ್ಟರು ಹೇಳಿದ ದಿನ ಬಂದೇಬಿಡ್ತು ಅಂದ್ಕೊಂಡೆ ಕಣೆ. ಉಳಿದಿದ್ದ ಒಂದು ಕಿವೀನೂ ಹೋಯ್ತು ಅಂತ."

"ಅದಕ್ಕೇನಾ ನನ್ನ ಕೈ ಹಿಡ್ಕೊಂಡಿದ್ದು? ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಏನಾದ್ರೂ ಅಂತಿದ್ದೆ. ಅದೂ ಕೇಳಿಸದೆ ಹೋದ್ರೆ ಅಂತ ಭಯ ಆಯ್ತು."

ಬೆಣ್ಣೆ ಹಾಕಲೇ ಎಂದು ಕೌಂಟರಿನ ಹುಡುಗಿ ಮೇಷ್ಟರನ್ನು ಎರಡು ಸಲ ಕೇಳಿದಳು. ಮಾರ್ಲಾಳೇ ಹೂಂ ಎಂದು ಪೊಟ್ಟಣ ತೆಗೆದುಕೊಂಡಳು. ಇಬ್ಬರೂ ಒಳಗೆ ಹೋದರು.