ಹದಿನೆಂಟು ಮಹಡಿಗೆ ನಾಲ್ಕು ಲಿಫ್ಟು

ಅಧ್ಯಕ್ಷಸ್ಥಾನದಲ್ಲಿ ಕುಳಿತಿರುವ ಹಿರಿಯರಾದ ವಿರುಪಾಕ್ಷಪ್ಪನವರೇ, ಇದೇ ಕೋಣೆಯಲ್ಲಿ ನನಗೆ ಗುಣಾಕಾರ ಕಲಿಸಲು ಬಹಳ ಕಷ್ಟಪಟ್ಟ ಜಿನಮತಿ ಅಕ್ಕೋರೇ, ಅಕ್ಕೋಳದ ಯುವಕ ಮಂಡಳದವರೇ, ಜಮಖಾನೆಯ ಮೇಲೆ ಕುಳಿತ ತಾಯಂದಿರೇ, ಜಾಗ ಖಾಲಿ ಇದ್ದರೂ ಬಾಗಿಲಲ್ಲೇ ನಿಂತಿರುವ ಮಹನೀಯರೇ ಮತ್ತು ಸಭಿಕರೇ,

ಈಗ ತಾನೇ ಓದಿದ ಸನ್ಮಾನ ಪತ್ರದಲ್ಲಿ ನನ್ನನ್ನು ಎರಡು ಸಲ ವಿಜ್ಞಾನಿ ಎಂದು ಕರೆದಿದ್ದಾರೆ. ನಾನು ಲಿಫ್ಟ್ ಮೆಕ್ಯಾನಿಕ್. ಐಟಿಐ ಪಾಸಾದವನು, ಎರಡನೇ ಸಲಕ್ಕೆ. ಮೂರು ವರ್ಷದಿಂದ ಸೂಪರ್‌ವೈಸರ್.

ನಮ್ಮ ಅಕ್ಕೋಳದಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು ನೀರಿನ ಟಾಕಿ. ಅದಕ್ಕೆ ಏಣಿ ಇದೆ. ಇಂಥ ಊರಿನಲ್ಲಿ ಲಿಫ್ಟಿನವನಿಗೆ ಸನ್ಮಾನ ಏಕೆ ಎಂದು ತಾವು ಕೇಳಬಹುದು. ನಾನೂ ಕೇಳಿದೆ. "ಪೇಪರಿನಾಗ ಬಂದೈತ್ರಿ, ಇನ್ನ ಬಿಡಾಕ ಬರಂಗಿಲ್ಲ" ಎಂದರು ಮಂಡಳದವರು. ಒಪ್ಪಿಕೊಂಡೆ.

ಲಿಫ್ಟಿನ ಇತಿಹಾಸದ ಬಗ್ಗೆ ಮೂರು ಪುಟ ಬರೆದುಕೊಂಡು ಬಂದಿದ್ದೆ. ಹೆದರಬೇಡಿ, ಓದುವುದಿಲ್ಲ. ಇಂದು ಬೆಳಿಗ್ಗೆ ಒಂದು ಮಾತು ಕೇಳಿದೆ. ಆಮೇಲೆ ಆ ಪುಟಗಳು ನನಗೇ ರುಚಿಸಲಿಲ್ಲ. ಆದ್ದರಿಂದ ನಡೆದದ್ದನ್ನೇ ಹೇಳುತ್ತೇನೆ.

ನನ್ನ ಅಣ್ಣ ಕಾಮಣ್ಣ ತಮಗೆಲ್ಲ ಗೊತ್ತು. ಕುರಿ ಕಾಯುತ್ತಾನೆ. ಮೊದಲು ಮುಂಬಯಿಯಲ್ಲಿ ಲಿಫ್ಟ್‌ಮನ್ ಆಗಿದ್ದ. ಸಮುದ್ರದ ದಂಡೆಯಲ್ಲಿ ಹದಿನೆಂಟು ಮಹಡಿಯ ಆಫೀಸು ಕಟ್ಟಡ. ಅಲ್ಲಿ ನಾಲ್ಕು ಲಿಫ್ಟು, ನಾಲ್ವರು ಲಿಫ್ಟ್‌ಮನ್. ಸ್ಟೂಲಿನ ಮೇಲೆ ಕುಳಿತು ಜಾಳಿಗೆಯ ಬಾಗಿಲು ಎಳೆದು, ಹಿತ್ತಾಳೆಯ ಹಿಡಿಕೆ ತಿರುಗಿಸಿ ಇಪ್ಪತ್ತೊಂದು ವರ್ಷ ಮಂದಿಯನ್ನು ಏರಿಸಿದ, ಇಳಿಸಿದ. ನನ್ನನ್ನು ಮುಂಬಯಿಗೆ ಕರೆಸಿಕೊಂಡವನು ಅವನು. ಐಟಿಐಗೆ ಹಾಕಿದವನು ಅವನು. ಮೊದಲ ಸಲ ನಪಾಸಾದಾಗ ಊರಿಗೆ ಹೇಳದೆ ಇದ್ದವನೂ ಅವನೇ.

ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಆ ಕಟ್ಟಡಕ್ಕೆ ಹೊಸ ಲಿಫ್ಟು ಹಾಕುವ ಕೆಲಸ ನಮ್ಮ ಕಂಪನಿಗೆ ಬಂತು. ತಾನೇ ತೆರೆಯುವ ಬಾಗಿಲು, ನಾಲ್ಕಕ್ಕೂ ಸೇರಿ ಒಂದು ಕಂಪ್ಯೂಟರು. ಯಾವ ಲಿಫ್ಟು ಎಲ್ಲಿಗೆ ಹೋಗಬೇಕೆಂದು ಅದೇ ಹೇಳುತ್ತದೆ. ಲಿಫ್ಟ್‌ಮನ್ ಬೇಕಾಗಿಲ್ಲ. ಅಣ್ಣನ ಲಿಫ್ಟನ್ನು ಬಿಚ್ಚಿದವನು ನಾನು. ಬ್ಯಾಟರಿ ಹಿಡಿದು ಬೆಳಕು ತೋರಿಸಿದವನು ಅವನು. ಮಂದಿಗೆ ರೂಢಿಯಾಗುವವರೆಗೆ, ಅಂದರೆ ದೀಪಾವಳಿಯವರೆಗೆ, ಅವನೊಬ್ಬನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದೆಂದು ಮಾತಾಗಿತ್ತು.

ಹೊಸ ಲಿಫ್ಟು ಶುರುವಾದವು. ಸಾಲು ರಸ್ತೆಯವರೆಗೆ ಬಂತು. ಕಂಪ್ಯೂಟರಿಗೆ ಬುದ್ಧಿ ಇತ್ತು, ಪರಿಚಯ ಇರಲಿಲ್ಲ. ಕೆಳಗೆ ನೂರು ಜನ ನಿಂತಾಗ ಎರಡು ಲಿಫ್ಟು ಮೇಲೆ ಖಾಲಿ ನಿಂತಿರುತ್ತಿದ್ದವು. "ಹಳೇ ಲಿಫ್ಟ್‌ಮನ್‌ಗಳೇ ಚೆನ್ನಾಗಿದ್ದರು" ಎಂದು ಆಫೀಸಿನವರು ದೂರು ಬರೆದರು. ನಮ್ಮ ಸಾಹೇಬರು ನನ್ನನ್ನು ಕರೆದು, ಹದಿನೈದು ದಿನದಲ್ಲಿ ಸರಿಮಾಡು ಎಂದರು.

ಆ ಭಾನುವಾರ ಅಣ್ಣನ ಖೋಲಿಗೆ ಹೋದೆ. ರೊಟ್ಟಿ ಬಡಿಯುತ್ತಿದ್ದ.

"ಅಣ್ಣಾ, ಮುಂಜಾನೆ ಯಾವ ಮಾಳಿಗಿಯವರು ಯಾವಾಗ ಬರ್ತಾರ?"

"ಯಾಕ?"

"ಸುಮ್ಮನ ಕೇಳಿದೆ."

ನನ್ನ ಮುಖ ನೋಡಿದ. ರೊಟ್ಟಿ ತಿರುವಿ ಹಾಕಿದ. ಆಮೇಲೆ ಹೇಳಿದ.

"ಒಂಬತ್ತೂ ಹದಿನೆಂಟರ ಲೋಕಲ್‌ಗೆ ಹನ್ನೊಂದನೇ ಮಾಳಿಗಿಯವರು ಬರ್ತಾರ, ಒಮ್ಮೆಲೆ ನಲವತ್ತು ಮಂದಿ. ಅಷ್ಟರಾಗ ಎರಡು ಲಿಫ್ಟ್ ಕೆಳಗ ತಯಾರ ಇರಬೇಕು. ನಾಲ್ಕನೇದವರು ಹತ್ತಕ್ಕ ಐದು ಮಿನಿಟ್ ಇದ್ದಾಗ ಓಡಿ ಬರ್ತಾರ. ಹನ್ನೆರಡೂವರೆಗೆ ಊಟದ ಡಬ್ಬಿ. ಡಬ್ಬಿಯವರಿಗೆ ಒಂದು ಲಿಫ್ಟ್ ಬಿಟ್ಟುಕೊಟ್ರ ಉಳಿದ ಮೂರಕ್ಕ ಕಾಟ ಇಲ್ಲ. ಸಂಜಿಮುಂದ ಖಾಲಿ ಲಿಫ್ಟ್ ಕೆಳಗ ನಿಲ್ಲಿಸಬಾರ್ದು, ಹದಿನೈದರಾಗ ನಿಲ್ಲಿಸಬೇಕು."

"ಮತ್ತ ಎಂಟರ ಮುಂಚೆ?"

ಅಣ್ಣ ಒಲೆ ಸಣ್ಣ ಮಾಡಿದ. "ಎಂಟರ ಮುಂಚೆ ಯಾರೂ ಬರಂಗಿಲ್ಲ."

ನಾನು ಅವನೆದುರು ಏನೂ ಬರೆದುಕೊಳ್ಳಲಿಲ್ಲ. ಅವನು ಬಡಿದ ರೊಟ್ಟಿ ತಿಂದು, ವಾಪಸು ಹೋಗುವಾಗ ಗಾಡಿಯಲ್ಲಿ ಕುಳಿತು ಬರೆದೆ. ಒಂದು ಅಂಕಿಯೂ ಮರೆತಿರಲಿಲ್ಲ. ಅಕ್ಕೋರೇ, ಈ ಜ್ಞಾಪಕಶಕ್ತಿ ಪರೀಕ್ಷೆಯಲ್ಲಿ ಎಲ್ಲಿ ಹೋಗಿತ್ತು ಎಂದು ತಾವು ಕೇಳಬಹುದು.

ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದೆ. ಎಂಟರವರೆಗೆ ನಾಲ್ಕೂ ಲಿಫ್ಟು ಬಂದ್ ಇರುವಂತೆಯೂ ಮಾಡಿದೆ. ಕರೆಂಟು ಉಳಿಯುತ್ತದೆ. ಒಂದು ವಾರದಲ್ಲಿ ಸಾಲು ಕರಗಿತು. ಸಾಹೇಬರು ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತರು. ಅರ್ಧ ನಿಮಿಷಕ್ಕಿಂತ ಹೆಚ್ಚು ಯಾರೂ ಕಾಯಲಿಲ್ಲ. "ಯಾರ ಕಲ್ಪನೆ ಇದು?" ಎಂದು ಮರಾಠಿಯಲ್ಲಿ ಕೇಳಿದರು. "ಮಾಝೀಚ, ಸಾಹೇಬ" ಎಂದೆ. ನನ್ನದೇ ಎಂದು ಅರ್ಥ. ಕನ್ನಡದಲ್ಲಿ ಕೇಳಿದ್ದರೆ ಬೇರೆ ಹೇಳುತ್ತಿದ್ದೆನೇ? ಇಲ್ಲ, ಸಭಿಕರೇ. ಅದನ್ನೇ ಹೇಳುತ್ತಿದ್ದೆ.

ನನಗೆ ಪ್ರಶಸ್ತಿ ಬಂತು. ಸೂಪರ್‌ವೈಸರ್ ಹುದ್ದೆ ಬಂತು. ಪೇಪರಿನಲ್ಲಿ ಫೋಟೋ ಬಂತು, ಊರಿಗೆ ಆ ಪೇಪರು ಮುಟ್ಟಿದ್ದು ಮೂರು ವರ್ಷ ತಡವಾಗಿ. ಲಿಫ್ಟು ಇಷ್ಟು ಚೆನ್ನಾಗಿ ನಡೆಯುವಾಗ ಲಿಫ್ಟ್‌ಮನ್ ಯಾಕೆ ಎಂದು ಕಟ್ಟಡದವರು ಅಣ್ಣನನ್ನು ಗಣೇಶ ಚೌತಿಗೇ ಬಿಡಿಸಿದರು. ಟ್ರಂಕು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ.

"ಛಲೋ ನಡದಾವೇನ?"

"ನಡದಾವ ಅಣ್ಣಾ."

"ಹನ್ನೊಂದನೇದವರು?"

"ಅವರೂ ನಿಲ್ಲಂಗಿಲ್ಲ ಈಗ."

"ಛಲೋ ಆತು" ಎಂದ. ಗೊತ್ತಾಗಿತ್ತು ಅವನಿಗೆ. ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ ಹಗುರಾಗುತ್ತಿದ್ದೆ.

ಇಂದು ಬೆಳಿಗ್ಗೆ ಕುರಿಹಟ್ಟಿಗೆ ಹೋಗಿ ಕರೆದೆ. "ಬಾ ಅಣ್ಣಾ, ನನ್ನ ಬಾಜೂ ಕೂಡ್ರುವಿಯಂತ."

"ಕುರಿ ಯಾರು ನೋಡ್ತಾರ?" ಎಂದ. ಕುಂಟುತ್ತಿದ್ದ ಒಂದು ಮರಿಯ ಕಾಲು ಹಿಡಿದು ನೋಡುತ್ತಲೇ ಕೇಳಿದ: "ಹಾಲಸಿದ್ದಾ, ಎಂಟರ ಮುಂಚೆ ಲಿಫ್ಟ್ ಬಂದ್ ಇರ್ತಾವೇನ?"

"ಹೌದು. ಯಾರೂ ಬರಂಗಿಲ್ಲಂತ ನೀನ ಹೇಳಿದ್ದಿ."

"ಗಂಗೂಬಾಯಿ ಬರ್ತಾಳ."

ಯಾರು ಗಂಗೂಬಾಯಿ? ನನಗೂ ಗೊತ್ತಿರಲಿಲ್ಲ. ನಮ್ಮ ಕಡೆಯ ಬೋರಗಾಂವದ ಹೆಣ್ಣುಮಗಳು. ಹದಿನಾರನೇ ಮಹಡಿಯ ಕಸ ಗುಡಿಸುತ್ತಾಳೆ. ಎಡಗಾಲಿನ ಮೊಣಕಾಲು ಮಡಚುವುದಿಲ್ಲ. ಬೆಳಿಗ್ಗೆ ಆರೂಕಾಲಿಗೆ ಬರುತ್ತಾಳೆ. ಎಂಟರ ಮುಂಚೆ ಲಿಫ್ಟು ನಡೆಸಬಾರದೆಂದು ಆಗಲೂ ಕಟ್ಟಡದ ಹುಕುಂ ಇತ್ತು. ಅಣ್ಣ ದಿನಾಲು ಬೇಗ ಎದ್ದು, ಕದ್ದು, ಅವಳೊಬ್ಬಳಿಗಾಗಿ ಲಿಫ್ಟು ನಡೆಸುತ್ತಿದ್ದ. ಹದಿನಾಲ್ಕು ವರ್ಷ.

"ಹೋದ ವಾರ ನಿಪ್ಪಾಣಿ ಸ್ಟ್ಯಾಂಡಿನ್ಯಾಗ ಭೇಟಿ ಆದ್ಲು. ಮೂರು ವರ್ಷದಿಂದ ಮೆಟ್ಟಲಾ ಹತ್ತಾಕತ್ತಾಳಂತ. ನನಗ ಹೆಂಗ ಗೊತ್ತಾಗಬೇಕು? ಹೊಸಾ ಲಿಫ್ಟ್ ಬಂದಮ್ಯಾಲ ನಾ ಎಂಟಕ್ಕ ಹೋಗ್ತಿದ್ದೆ, ಅವು ದಿನಪೂರ್ತಿ ನಡೀತಾವ ಅಂತ ತಿಳ್ಕೊಂಡಿದ್ದೆ."

"ಅವತ್ತ ಯಾಕ ಹೇಳಲಿಲ್ಲ ಅಣ್ಣಾ?"

"ಹೊರಗ ಬಿದ್ದಿದ್ರ ಆಕೀ ನೌಕರಿ ಹೋಗ್ತಿತ್ತು. ನೀ ಸುಮ್ಮನ ಕೇಳಿದೆ ಅಂದಿ. ಸುಮ್ಮನ ಕೇಳಿದವರ ಮುಂದ ಆಕೀ ಮಾತು ಯಾಕ ತೆಗೀಲಿ? ಮಷೀನಿಗೆ ಹಾಕಾಕ ಬೇಕು ಅಂದಿದ್ರ ಎಲ್ಲಾರಕಿಂತ ಮೊದಲ ಆಕೀದ ಹೇಳ್ತಿದ್ದೆ."

ಇಷ್ಟು ಹೇಳಿ ಕುರಿ ಹೊಡೆದುಕೊಂಡು ಹೋದ.

ಮೂರು ವರ್ಷದಲ್ಲಿ ಒಂದೂ ದೂರು ಬಂದಿಲ್ಲ. ಬಾಗಿಲ ಮುಂದೆ ನಿಂತವರನ್ನು ಮಾತ್ರ ನಮ್ಮ ಕಂಪ್ಯೂಟರು ಲೆಕ್ಕಕ್ಕೆ ಹಿಡಿಯುತ್ತದೆ. ಮೆಟ್ಟಿಲು ಹತ್ತುವವರು ಅದರ ಮಟ್ಟಿಗೆ ಇಲ್ಲ. ಹದಿನಾರು ಮಹಡಿಗೆ ಎಷ್ಟು ಮೆಟ್ಟಿಲು ಎಂದು ತಾವು ಕೇಳಬಹುದು. ನನಗೆ ಗೊತ್ತಿಲ್ಲ. ಆ ಕಟ್ಟಡದ ಮೆಟ್ಟಿಲನ್ನು ನಾನು ಒಂದು ದಿನವೂ ಹತ್ತಿಲ್ಲ.

ಹುಗ್ಗಿಯ ಊಟ ಇದೆ ಎಂದು ಕೇಳಿದ್ದೇನೆ. ನಾನು ನಿಲ್ಲುವ ಹಾಗಿಲ್ಲ, ಕ್ಷಮೆ ಇರಲಿ. ಗುರುವಾರದ ಟಿಕೆಟ್ ಬದಲಾಯಿಸಿ ಇಂದಿನ ನಾಲ್ಕು ಗಂಟೆಯ ಬಸ್ಸಿಗೆ ಮಾಡಿಸಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಆ ಕಟ್ಟಡದ ಬಾಗಿಲಲ್ಲಿ ಇರುತ್ತೇನೆ. ಕಂಪ್ಯೂಟರಿನ ಪೆಟ್ಟಿಗೆಯ ಕೀಲಿ ನನ್ನ ಜೇಬಿನಲ್ಲಿದೆ. ಆರೂಕಾಲಿಗೆ ಒಂದು ಲಿಫ್ಟು ಕೆಳಗೆ ತಯಾರಿರುತ್ತದೆ. ಯಾರನ್ನು ಕೇಳಿ ಮಾಡಿದೆ ಎಂದು ಸಾಹೇಬರು ಕೇಳುತ್ತಾರೆ. ಇಂದು ತಮಗೆ ಹೇಳಿದ್ದನ್ನೇ ಅವರಿಗೂ ಮೊದಲಿನಿಂದ ಹೇಳುತ್ತೇನೆ, ಮರಾಠಿಯಲ್ಲಿ. ನೌಕರಿ ಉಳಿದರೆ ದೀಪಾವಳಿಗೆ ಊರಿಗೆ ಬರುತ್ತೇನೆ. ಉಳಿಯದಿದ್ದರೆ ಅದಕ್ಕಿಂತ ಮುಂಚೆಯೇ ಬರುತ್ತೇನೆ.

ಶಾಲು ಹೊದಿಸಿದ ಅಧ್ಯಕ್ಷರಿಗೆ, ಮೈಕು ಹಿಡಿದು ನಿಂತ ವಿಠೋಬಾನಿಗೆ, ಇಷ್ಟು ಹೊತ್ತು ಕೇಳಿದ ತಮಗೆಲ್ಲರಿಗೂ ಕೃತಜ್ಞತೆ ಸಲ್ಲಿಸುತ್ತೇನೆ. ನಮಸ್ಕಾರ.