ಬೀಗರ ಕಾರಿನ ಕೆಂಪು ಕಲೆ

ಮಸ್ಕಿ ಅಂಚೆ ಕಚೇರಿಯಲ್ಲಿ ಫಾರ್ಮು ತುಂಬುತ್ತಿದ್ದೆ. ನನ್ನ ಬರವಣಿಗೆ ನಿಧಾನ. ಪಕ್ಕದಲ್ಲಿದ್ದ ಅಕ್ಕತಂಗಿಯರ ಮಾತೆಲ್ಲ ಕೇಳಿಸಿತು.

“ಅಕ್ಕಾ, ಬೀಗಿತ್ತಿಗೆ ತಪ್ಪೊಪ್ಪಿ ಕಾಗದ ಬರೆದು ಎರಡು ತಿಂಗಳಾತು. ಇನ್ನೂ ಹಾಕಿಲ್ಲೇನು?”

“ಆಕಿ ಉಡಿ ತುಂಬಿದ ಸೀರಿ ಅಲ್ಲೇ ಉಟ್ಟು, ಅವರ ಕಾರಿನ್ಯಾಗ ಕುಂತೆ. ಬೆವರಿಗೆ ಬಣ್ಣ ಬಿಟ್ಟು ಬಿಳಿ ಚರ್ಮದ ಸೀಟು ಕೆಂಪಾತು. ನಿಮ್ಮ ಸೀರಿದೇ ತಪ್ಪು ಅಂತ ಹೆಂಗ ಹೇಳ್ಲಿ?”

“ಒರೆಸಬೇಕಿಲ್ಲೇನು?”

“ಶಾಣ್ಯಾಕಿ ನಾನು, ಸ್ಯಾನಿಟೈಸರ್ ಸುರುವಿ ತಿಕ್ಕಿದೆ. ಅಂಗೈಯಷ್ಟಿದ್ದ ಕಲೆ ಹಿಟ್ಟು ನಾದೋ ಪರಾತದಷ್ಟಾತು!”

“ಫೋನರ ಮಾಡು.”

“ಮಾಡಿದ್ದೆ. ಸೀರಿ ಭಾಳ ಚಲೋ ಅದ ಅಂತ ಹೊಗಳಿ ಇಟ್ಟೆ.”

“ಆ ಕಲೆ ಅವರ ಡ್ರೈವರ್ ಆದಪ್ಪನ ಮ್ಯಾಲೆ ಹಾಕ್ಯಾರ. ತಿಂಗಳ ಕೊನಿಗೆ ಅವನ್ನ ಕೆಲಸ ಬಿಡಸ್ತಾರಂತ.”

ಅಕ್ಕ ಚೀಲದಿಂದ ಆ ಕಾಗದ ತೆಗೆದಳು.

“ಇನ್ನ ಅವರ ಮನಿ ಸೀರಿ ನನಗ ಬಂದಂಗೇ ಬಿಡು,” ಎಂದು ಕಾಗದವನ್ನು ಡಬ್ಬಿಗೆ ಹಾಕಿ, ತಂಗಿಯೊಡನೆ ಸಿಂಧನೂರು ಬಸ್ಸಿನತ್ತ ನಡೆದಳು.