ಎಟುಕದ ಹಗ್ಗ

ದೀಪ ಆರಿಸಬೇಡಿ, ಹೇಳ್ತೀನಿ. ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗಳು ತನುಜಳಿಗೆ ಆದದ್ದು, ನಗರಗೆರೆಯಲ್ಲೇ.

ಗೌರಿಬಿದನೂರಿಂದ ಬರುವ ಕೊನೆಯ ಬಸ್ಸಿಳಿದು ಆಲದ ಮರದ ಹಾದಿ ಹಿಡಿದಿದ್ದಳು. ಅಳು ತಡೆದುಕೊಂಡೇ ನಡೆಯುತ್ತಿದ್ದಳು. ಎಳೆಗೂಸುಗಳ ಉಸಿರು ಕಾಯುವ ಒಂದು ಯಂತ್ರ. ಅದರ ಚಿಪ್ಪಿಗೆ ಪ್ರೋಗ್ರಾಂ ಜೋಡಿಸಿಕೊಡುವ ಅಸೆಂಬ್ಲರ್ ಎಂಬ ಸಾಫ್ಟ್‌ವೇರ್ ಬರೆಯುವುದು ಕಂಪನಿಯಲ್ಲಿ ಇವಳ ಕೆಲಸ. ಮಗುವಿನ ಉಸಿರು ತಪ್ಪಿದರೆ ಪ್ರೋಗ್ರಾಂ ತನ್ನೊಳಗೇ ಅಲಾರಂ ಸಾಲುಗಳಿರುವ ಜಾಗಕ್ಕೆ ಜಿಗಿಯಬೇಕು. ಹತ್ತಿರವಿದ್ದರೆ ಚಿಕ್ಕ ಜಿಗಿತ, ದೂರವಿದ್ದರೆ ದೊಡ್ಡದು. ದೂರ ಅಳೆದು ಆರಿಸುವುದು ಅಸೆಂಬ್ಲರು. ಆ ಅಳತೆಯೇ ಎಲ್ಲೋ ತಪ್ಪುತ್ತಿತ್ತು. ಚಿಕ್ಕ ಜಿಗಿತ ಎಟುಕದೆ ಯಂತ್ರ ಕಲ್ಲಾಗಿ ನಿಲ್ಲುತ್ತಿತ್ತು... ಅಲಾರಮ್ಮೇ ಇಲ್ಲ.

ಬೆಳಗಾದರೆ ಯಂತ್ರಗಳು ಆಸ್ಪತ್ರೆಗೆ ಹೊರಡುತ್ತವೆ. ತಡೀರಿ ಸರ್ ಎಂದು ಮ್ಯಾನೇಜರ್ ನರಸಿಂಹಮೂರ್ತಿಯವರನ್ನು ಅಂಗಲಾಚಿದ್ದಳು. "ತಪ್ಪೆಲ್ಲಿದೆ ತೋರ್ಸಮ್ಮ, ನಿಲ್ಲಿಸ್ತೀನಿ" ಎಂದಿದ್ದರು. ಅವಳಿಗೇ ಸಿಕ್ಕಿರಲಿಲ್ಲ. ಯಾರದೋ ಮಗು ನನ್ನ ಕೈಯಿಂದ ಹೋಗುತ್ತೆ... ಅದೊಂದೇ ತಲೆಯಲ್ಲಿ.

ಆಲದ ಹತ್ತಿರ... ಕಿರ್ರ್... ಕಿರ್ರ್...

ಬಾವಿಯ ರಾಟೆ. ಆಮೇಲೆ ಠಣ್. ಖಾಲಿ ಕೊಡ ಕಲ್ಲಿಗೆ ಬಡಿದಿತ್ತು. ಕಟ್ಟೆಯ ಮೇಲೆ ಒಬ್ಬ ಮುದುಕಿ. ಮುಖ ಕಾಣದು.

"ಎಟುಕ್ತಿಲ್ಲ ಕಣಮ್ಮ..."

"ಯಾಕಜ್ಜಿ?"

"ಹಗ್ಗ ಅಳ್ದು ಕೊಟ್ರು. ಆಮೇಲೆ ಬಾವಿ ಇನ್ನೂ ತೋಡಿದ್ರು... ಒಂಚೂರು ಏನಾನ ಕೊಡಮ್ಮ."

ತನುಜಳಿಗೆ ಹೆದರಲೂ ತ್ರಾಣವಿರಲಿಲ್ಲ. ಹೆಗಲ ಮೇಲಿನ ಹಳದಿ ವೇಲು ತೆಗೆದು ಕೊಟ್ಟಳು. ಮುದುಕಿ ಹಗ್ಗಕ್ಕೆ ಗಂಟು ಹಾಕಿದಳು. ಕಿರ್ರ್... ಕಿರ್ರ್...

ಗುಳುಂ.

ಮೈ ಜುಮ್ಮೆಂದಿತು. ಅಳೆದ ಮೇಲೆ ತೋಡಿದ್ದು! ಅಸೆಂಬ್ಲರೂ ಅದನ್ನೇ ಮಾಡುತ್ತಿತ್ತು. ಮೊದಲು ದೂರ ಅಳೆಯುತ್ತಿತ್ತು. ಆಮೇಲೆ ಸಾಲು ಹೊಂದಿಸಲು ನಡುವೆ ಖಾಲಿ ಜಾಗ ಸೇರಿಸುತ್ತಿತ್ತು. ದೂರ ಹೆಚ್ಚಿದರೂ ಮತ್ತೆ ಅಳೆಯುತ್ತಲೇ ಇರಲಿಲ್ಲ.

ಎದ್ದೂ ಬಿದ್ದೂ ಮನೆಗೆ ಓಡಿದಳು. ಕೋಳಿ ಕೂಗುವ ಹೊತ್ತಿಗೆ ತಿದ್ದಿ ಕಳಿಸಿದಳು. ನರಸಿಂಹಮೂರ್ತಿ ಲಾರಿ ತಡೆದು ಯಂತ್ರ ಓಡಿಸಿ ನೋಡಿದರು. ಫೋನಿನಲ್ಲಿ ಅಲಾರಂ ಕೂಗಿದ್ದು ಕೇಳಿದ ಮೇಲೆಯೇ ತನುಜ ಅತ್ತದ್ದು.

"ವೇಲೆಲ್ಲೇ?" ಎಂದರು ಅವಳಮ್ಮ ಆಂಜಿನಮ್ಮ. ಇವಳು ಹೇಳಿದಳು. ಅವರ ಮುಖ ಬಿಳಿಚಿಕೊಂಡಿತು.

"ಆ ಬಾವಿಗೆ ಚಪ್ಪಡಿ ಮುಚ್ಚಿಲ್ವೇನೇ? ಮುದುಕಿ ಗಂಗುಲಮ್ಮ ಹಗ್ಗ ಎಟುಕದೆ ಬಗ್ಗಿ, ಬಿದ್ದು ಸತ್ತಾಗ್ಲೇ ಮುಚ್ಚಿದ್ರು. ನೀನಿನ್ನೂ ಹುಟ್ಟಿರ್ಲಿಲ್ಲ."

"ಗೊತ್ತಮ್ಮ... ಆ ಹೊತ್ನಲ್ಲಿ ಹೊಳೀಲೇ ಇಲ್ಲ."

ಇಬ್ಬರೂ ಹೋಗಿ ನೋಡಿದರು. ರಾಟೆ ಇಲ್ಲ. ಚಪ್ಪಡಿ ಹಾಗೇ ಇದೆ, ಸುತ್ತಲ ಸಿಮೆಂಟಿನಲ್ಲಿ ಒಂದು ಬಿರುಕಿಲ್ಲ. ಅದರಡಿಯಿಂದ ಹಳದಿ ವೇಲಿನ ತುದಿ ಗೇಣುದ್ದ ಹೊರಗಿತ್ತು. ಎಳೆದರೆ ಬರಲಿಲ್ಲ.

ನಗಬೇಡಿ. ಈಗಲೂ ಅಲ್ಲೇ ಇದೆ. ಬೋರು ಸಾವಿರ ಅಡಿ ಕೊರೆದರೂ ಧೂಳೇ ಹಾರುವ ಊರದು... ಈ ಬೇಸಿಗೆಯಲ್ಲಿ ನಾನೇ ಹೋಗಿ ಮುಟ್ಟಿ ಬಂದೆ. ವೇಲು ಒದ್ದೆಯಾಗಿತ್ತು.